ಚೀಲ ಇಡೋಕೆ ಒಂದು ಜಾಗ

ಹೋದ ವಾರ ನಮ್ಮೂರ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ನನ್ನ ನಂಬರ್ ಯಾರೋ ಕೊಟ್ಟಿದ್ದರಂತೆ.

"ಅಣ್ಣಾ, ಬೆಂಗಳೂರಿಗೆ ಬರಬೇಕಂತ ಮಾಡೀನ್ರಿ. ಕೈಯಾಗ ರೊಕ್ಕ ಇಲ್ಲ. ಇಳಕೊಳ್ಳಾಕ ಜಾಗಾನೂ ಇಲ್ಲ. ಆದ್ರೂ ಬರ್ತೀನ್ರಿ."

"ನಿನ್ನ ಚೀಲ ಎಷ್ಟು ದೊಡ್ಡದದ?" ಅಂತ ಕೇಳಿದೆ.

ಅವನು ಒಂದು ಗಳಿಗೆ ಸುಮ್ಮನಾದ. ಏನು ಓದಿದ್ದೀ, ಯಾವ ಕೆಲಸ ಬರುತ್ತೆ, ಕುಡಿತೀಯಾ ಹೇಗೆ ಅಂತೆಲ್ಲ ಕೇಳುತ್ತೇನೆ ಅಂದುಕೊಂಡಿದ್ದನೇನೋ. ನಾನು ಮತ್ತೆ ಅದನ್ನೇ ಕೇಳಿದೆ. ಕೈಯಲ್ಲಿ ಕಾಸಿಲ್ಲದೆ, ತಲೆ ಮೇಲೆ ಸೂರಿಲ್ಲದೆ ದೊಡ್ಡ ಊರಿಗೆ ಬರುವವನಿಗೆ ಮೊದಲ ಪ್ರಶ್ನೆ ಚೀಲದ್ದೇ. ನನಗೆ ಇದು ಹನ್ನೊಂದು ರಾತ್ರಿ ಹೊರಗೆ ಮಲಗಿದ ಮೇಲೆ ಗೊತ್ತಾಯಿತು. ಅವನಿಗೆ ಬರುವ ಮೊದಲೇ ಗೊತ್ತಿರಲಿ ಅಂತ ಆಸೆ.

ನಮ್ಮದು ರಾಯಚೂರು ಜಿಲ್ಲೆ, ತುಂಗಭದ್ರೆಯ ದಂಡೆಯ ಒಂದು ಸಣ್ಣ ಹಳ್ಳಿ. ಅಲ್ಲಿ ದುಡಿಯೋಕೆ ಊರು ಬಿಟ್ಟು ಹೋಗುವುದಕ್ಕೆ ಗುಳೆ ಅಂತಾರೆ. ಗುಳೆ ಹೋದವರು ಮಳೆ ಬಂದಾಗ, ಇಲ್ಲವೇ ಜಾತ್ರೆಗೆ, ವಾಪಸ್ ಬರುತ್ತಾರೆ. ಮನೆ ಬೀಗ ತೆಗೆದು ಕಸ ಹೊಡೆಯುತ್ತಾರೆ. ನನ್ನ ವಿಷಯ ಹಾಗಿರಲಿಲ್ಲ. ಬೀಗ ಹಾಕೋಕೆ ನಮಗೆ ಮನೆಯೇ ಇರಲಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕಕ್ಕೆ ಬಂದ ನೆರೆ ಹಲವರಿಗೆ ನೆನಪಿರಬಹುದು. ಕೃಷ್ಣಾ, ತುಂಗಭದ್ರಾ ಎರಡೂ ಉಕ್ಕಿದವು. ಮಣ್ಣಿನ ಮಾಳಿಗೆ ಮನೆಗಳು ನೀರಲ್ಲಿ ನೆನೆದು ಹಾಗೇ ಕುಸಿದು ಕೂತವು. ನಮ್ಮದೂ ಕೂತಿತು. ಆಮೇಲೆ ಆಸರೆ ಯೋಜನೆಯಲ್ಲಿ ಹೊಸ ಮನೆಗಳು ಎದ್ದವು. ನಮ್ಮ ಹಳೆ ಮನೆಯ ಕಾಗದ ದೊಡ್ಡಪ್ಪನ ಹೆಸರಲ್ಲಿತ್ತು. ಹೊಸ ಮನೆಯೂ ಅವರ ಹೆಸರಿಗೇ ಹೋಯಿತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಅವ್ವ ಸಿಂಧನೂರಿನಲ್ಲಿ ನನ್ನ ಸೋದರಮಾವನ ಮನೆ ಸೇರಿದಳು. ನಾನು ಮೂರು ವರ್ಷ ಅವರಿವರ ಮನೆಯ ಪಡಸಾಲೆಯಲ್ಲಿ ಮಲಗಿದೆ.

2012ರಲ್ಲಿ ಮಳೆಯೂ ಕೈಕೊಟ್ಟಿತು. ಆಗಸ್ಟ್ ಮೊದಲ ವಾರ ರಾಯಚೂರಿನಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿದೆ. ಟಿಕೆಟ್ ತೆಗೆದ ಮೇಲೆ ಜೇಬಿನಲ್ಲಿ 640 ರೂಪಾಯಿ ಉಳಿದಿತ್ತು. ಬೆಳಿಗ್ಗೆ ಬೆಂಗಳೂರು ಸಿಟಿ ಸ್ಟೇಷನ್. ಈಗ ಅದಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ.

ಹೆಗಲ ಮೇಲೆ ಚೀಲ. ದೊಡ್ಡ ಚೀಲ. ಅದರೊಳಗೆ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಎರಡು ಜೊತೆ ಬಟ್ಟೆ. ಪಿಯುಸಿ ಮಾರ್ಕ್ಸ್ ಕಾರ್ಡ್, ವೋಟರ್ ಕಾರ್ಡ್. ಮತ್ತೆ ಒಂದು ಕೌದಿ. ನೆರೆಯಲ್ಲಿ ಉಳಿದಿದ್ದ ತನ್ನ ಹಳೆ ಸೀರೆಗಳನ್ನೆಲ್ಲ ಸೇರಿಸಿ ಅವ್ವ ಹೊಲಿದ ಕೌದಿ. ಚೀಲ ಅಷ್ಟು ದೊಡ್ಡದಾಗಿದ್ದು ಅದರಿಂದಲೇ. ಬಿಟ್ಟು ಬಾ ಅಂತ ಮಾವ ಹೇಳಿದ್ದರು. ನನಗೆ ಮನಸ್ಸಾಗಲಿಲ್ಲ.

ಮೊದಲ ದಿನವೇ ಗಾಂಧಿನಗರದ ಓಣಿಗಳಲ್ಲಿ ಸುತ್ತಿದೆ. ಹೋಟೆಲ್‌ಗಳ ಮುಂದೆ "ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ, ಊಟ ವಸತಿ ಉಚಿತ" ಅಂತ ಬೋರ್ಡ್ ಇರುತ್ತದಲ್ಲ, ಅಂಥ ನಾಲ್ಕು ಹೋಟೆಲ್‌ಗಳಿಗೆ ಹೋಗಿ ಕೇಳಿದೆ. ನಾಲ್ಕೂ ಕಡೆ ಕ್ಯಾಷ್‌ನಲ್ಲಿ ಕೂತವರು ಮೊದಲು ನೋಡಿದ್ದು ನನ್ನ ಚೀಲವನ್ನು. ಆಮೇಲೆ ಕೇಳಿದ್ದು, "ಯಾರ ಕಡೆಯವನು?" ಅಂತ. ಯಾರ ಕಡೆಯವನೂ ಅಲ್ಲ ಅಂದಾಗ ಮುಖ ತಿರುಗಿಸಿದರು. ಅವರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಗುರುತು ಪರಿಚಯ ಇಲ್ಲದವನನ್ನು ರಾತ್ರಿ ಹೋಟೆಲ್ ಒಳಗೆ ಮಲಗಿಸೋಕೆ ಅವರಿಗೂ ಭಯ ಇರುತ್ತೆ. ಆದರೆ ಚೀಲ ಬೆನ್ನ ಮೇಲಿದೆ ಅಂದರೆ, ಈ ಊರಲ್ಲಿ ಇವನಿಗೆ ಯಾರೂ ಇಲ್ಲ ಅಂತ ಬರೆದುಕೊಂಡು ಓಡಾಡಿದ ಹಾಗೆ. ಅದು ನನಗೆ ಆಗ ಹೊಳೆಯಲಿಲ್ಲ.

ಚೀಲ ಹೊತ್ತವನು ಹೋಗಲಾಗದ ಜಾಗಗಳು ಎಷ್ಟೊಂದು. ಶೌಚಾಲಯಕ್ಕೆ ಹೋದರೆ ಅದನ್ನು ಹೊರಗಿಡೋಕೆ ಆಗಲ್ಲ, ಒಳಗಿಡೋಕೆ ಜಾಗ ಇಲ್ಲ. ಮೂಟೆ ಇಳಿಸುವ ಕೆಲಸ ಸಿಕ್ಕರೂ ಚೀಲ ಯಾರ ಕೈಗೆ ಕೊಡೋದು? ರೈಲ್ವೆ ಕ್ಲೋಕ್ ರೂಮಿಗೆ ಹೋದರೆ ಪ್ರಯಾಣದ ಟಿಕೆಟ್ ಬೇಕು, ಚೀಲಕ್ಕೆ ಬೀಗ ಇರಬೇಕು. ನನ್ನದು ಜಿಪ್ ಕಿತ್ತು ಹೋಗಿ ಹಗ್ಗದಲ್ಲಿ ಕಟ್ಟಿದ ಚೀಲ. ರಾತ್ರಿ ಅದೇ ತಲೆದಿಂಬು. ಅದರ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಮಲಗಬೇಕು. ಹಾಗೆ ಮಲಗಿದರೆ ನಿದ್ದೆ ಅನ್ನೋದು ಬರೋದೇ ಇಲ್ಲ. ಯಾರಾದರೂ ಪಕ್ಕದಲ್ಲಿ ನಡೆದರೆ ಎಚ್ಚರ.

ರಾತ್ರಿಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸ್ಟೇಷನ್ ಮುಂದೆ, ಬಸ್ ಸ್ಟ್ಯಾಂಡ್ ಪ್ಲಾಟ್‌ಫಾರ್ಮ್ ಮೇಲೆ, ಮೆಟ್ರೊ ಕೆಲಸಕ್ಕೆ ಹಾಕಿದ್ದ ತಗಡಿನ ಗೋಡೆ ಪಕ್ಕ. ಮಧ್ಯರಾತ್ರಿ ದಾಟಿದ ಮೇಲೆ ಲಾಠಿ ನೆಲಕ್ಕೆ ಬಡಿಯುವ ಸದ್ದು. "ಎಲ್ಲಿಗೆ ಹೋಗ್ಬೇಕು? ಟಿಕೆಟ್ ಎಲ್ಲಿ?" ಎದ್ದು ನಡೆಯಬೇಕು. ಒಂದು ಸುತ್ತು ಹಾಕಿ ಬೇರೆ ಕಡೆ ಮಲಗಬೇಕು. ಅಲ್ಲಿ ಮಲಗುವವರಲ್ಲಿ ಹಳಬರಿಗೆ ಒಂದು ವ್ಯಾನಿನ ಭಯ ಇತ್ತು. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಭಿಕ್ಷೆ ಬೇಡುವವರನ್ನು ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯುತ್ತಾರೆ. 2010ರ ಆಗಸ್ಟ್‌ನಲ್ಲಿ ಆ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಭಿಕ್ಷೆ ಬೇಡದವನೂ ಆ ವ್ಯಾನಿಗೆ ಹೆದರುತ್ತಿದ್ದ. ಮಾಸಿದ ಬಟ್ಟೆಯಲ್ಲಿ ಫುಟ್‌ಪಾತ್ ಮೇಲೆ ಕೂತವನು ಕೂಲಿಯವನೋ ಭಿಕ್ಷುಕನೋ ಅಂತ ದೂರದಿಂದ ಹೇಗೆ ಗೊತ್ತಾಗಬೇಕು?

ನಾನು ಮಲಗುತ್ತಿದ್ದ ಜಾಗದಿಂದ ಕೂಗಳತೆಯಲ್ಲಿ ತೋಟದಪ್ಪನ ಛತ್ರ ಇದೆ. ಗುಬ್ಬಿ ತೋಟದಪ್ಪನವರು ವ್ಯಾಪಾರಿಗಳು. 1903ರಲ್ಲಿ ರೈಲು ನಿಲ್ದಾಣದ ಎದುರು ಆ ಛತ್ರ ತೆರೆದರು. ಅವರ ದುಡ್ಡಿನಿಂದಲೇ ವಿದ್ಯಾರ್ಥಿ ನಿಲಯವೂ ನಡೆಯಿತು. ನನಗೆ ಅವರ ಬಗ್ಗೆ ತುಂಬ ಗೌರವ. ದಾನ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಪೇಟೆಗೆ ಬಂದು ಇಳಿದವನಿಗೆ ಇಳಿದ ಜಾಗದಲ್ಲೇ, ರಸ್ತೆ ದಾಟಿದ ತಕ್ಷಣ ಒಂದು ಬಾಗಿಲು ಬೇಕು ಅಂತ ಅವರು ಯೋಚನೆ ಮಾಡಿದ್ದರು. ಆ ಬಾಗಿಲ ಮುಂದೆ ನಾನು ಎರಡು ಸಲ ನಿಂತೆ. ಒಳಗೆ ಹೋಗಿ ಕೇಳುವ ಧೈರ್ಯ ಬರಲಿಲ್ಲ. ತಪ್ಪು ನನ್ನದೇ. ನಾಲ್ಕು ಕಡೆ ಬೇಡ ಅನ್ನಿಸಿಕೊಂಡವನು ಐದನೇ ಕಡೆ ಕೇಳುವುದನ್ನೇ ಬಿಡುತ್ತಾನೆ. ಹುಡುಗನಿಗೆ ಇದನ್ನು ಒತ್ತಿ ಹೇಳಿದ್ದೇನೆ. ನಾಚಿಕೊಳ್ಳಬೇಡ, ಕೇಳು.

ಬೆಂಗಳೂರು ದುಬಾರಿ ಅಂತ ಎಲ್ಲರೂ ಹೇಳುತ್ತಾರೆ. ಯಾರಿಗೆ ಎಷ್ಟು ದುಬಾರಿ ಅಂತ ಲೆಕ್ಕ ಹಾಕಿ ನೋಡಿದ್ದೀರಾ? ನಾನು ಆ ಹನ್ನೊಂದು ದಿನದ ಲೆಕ್ಕವನ್ನು ಒಂದು ಸಣ್ಣ ಡೈರಿಯಲ್ಲಿ ಬರೆದಿಟ್ಟಿದ್ದೆ. ಸ್ನಾನಕ್ಕೆ 10 ರೂಪಾಯಿ, ಶೌಚಕ್ಕೆ 5. ಅಂಗಡಿಯಲ್ಲಿ ಮೊಬೈಲ್ ಚಾರ್ಜ್ ಮಾಡಿಸೋಕೆ 5. ರೊಟ್ಟಿ ನಾಲ್ಕನೇ ದಿನಕ್ಕೆ ಮುಗಿಯಿತು. ಆಮೇಲೆ ಎರಡು ಹೊತ್ತು ಹೊರಗಿನ ಊಟ, ಒಂದು ಟೀ, ಒಂದು ಬನ್ನು ಅಂದರೆ 85. ಒಟ್ಟು 105. ಮನೆ ಇಲ್ಲದೆ, ಹಾಸಿಗೆ ಇಲ್ಲದೆ, ದಿನಕ್ಕೆ 105.

ಅದೇ ಹೊತ್ತಿಗೆ ಲಗ್ಗೆರೆ ಕಡೆ ಶೀಟಿನ ಒಂದು ಕೋಣೆಗೆ ತಿಂಗಳಿಗೆ 2000 ಬಾಡಿಗೆ ಅಂತ ವಿಚಾರಿಸಿದ್ದೆ. ಕೋಣೆ ಇದ್ದಿದ್ದರೆ ಅನ್ನ ಸಾರು ನಾನೇ ಮಾಡಿಕೊಳ್ಳುತ್ತಿದ್ದೆ. ದಿನಕ್ಕೆ 30 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಸ್ನಾನ, ಶೌಚ, ಮೊಬೈಲ್ ಚಾರ್ಜು ಎಲ್ಲ ಅಲ್ಲೇ. ದಿನಕ್ಕೆ 75 ಉಳಿದರೆ ತಿಂಗಳಿಗೆ 2250. ಅಂದರೆ ಬಾಡಿಗೆ ಕಟ್ಟಿ ಇನ್ನೂ 250 ಮಿಕ್ಕುತ್ತಿತ್ತು. ಬೀದಿಯಲ್ಲಿ ಮಲಗಿದ್ದವನು ನಾನು, ಕೋಣೆಯಲ್ಲಿ ಮಲಗಿದವನಿಗಿಂತ ಜಾಸ್ತಿ ಖರ್ಚು ಮಾಡುತ್ತಿದ್ದೆ. ಈ ಲೆಕ್ಕವನ್ನು ಸ್ಟೇಷನ್ ಕಟ್ಟೆ ಮೇಲೆ ಕೂತು ಮೂರು ಸಲ ಮಾಡಿದೆ. ಮೂರು ಸಲವೂ ಅಷ್ಟೇ ಬಂತು. ಹೊಟ್ಟೆಯಲ್ಲಿ ಸಂಕಟ ಆಯಿತು.

ಹಾಗಾದರೆ ಕೋಣೆ ಯಾಕೆ ಹಿಡಿಯಲಿಲ್ಲ ಅಂದರೆ, ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ. 20,000 ರೂಪಾಯಿ ಒಂದೇ ಗಂಟಿನಲ್ಲಿ. ಬೆಂಗಳೂರಿನ ಈ ಹತ್ತು ತಿಂಗಳ ಪದ್ಧತಿ ಇಲ್ಲಿನವರಿಗೆ ಎಷ್ಟು ರೂಢಿ ಆಗಿದೆ ಅಂದರೆ ಯಾರೂ ಅದನ್ನು ಪ್ರಶ್ನೆ ಮಾಡುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳಬಾರದು ಅಂತ ಅದರಲ್ಲಿದೆ. ಅದು ಮಾದರಿ ಅಷ್ಟೇ. ರಾಜ್ಯಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಳ್ಳಬೇಕು. ಎರಡು ತಿಂಗಳು ಅಂದಿದ್ದರೆ ನನಗೆ 4000 ಸಾಕಿತ್ತು. 4000ವನ್ನು ನಾನು ಹೇಗೋ ಹೊಂದಿಸುತ್ತಿದ್ದೆ. 20,000 ಹೊಂದಿಸೋಕೆ ನನಗೆ ಆಮೇಲೆ ಎರಡೂವರೆ ವರ್ಷ ಹಿಡಿಯಿತು. ದುಡ್ಡಿಲ್ಲದವನಿಗೆ ತಿಂಗಳ ಬಾಡಿಗೆಗಿಂತ ಜಾಸ್ತಿ ಭಾರ ಆಗೋದು ಈ ಮುಂಗಡ.

ಆರನೇ ದಿನ ಒಂದು ಒಳ್ಳೆಯದಾಯಿತು. ಬೆಳಗಿನ ಜಾವ ನಿದ್ದೆ ಬರದೆ ನಡೆಯುತ್ತಾ ಕೆ.ಆರ್. ಮಾರ್ಕೆಟ್ ಹತ್ತಿರ ಹೋಗಿದ್ದೆ. ಊರೆಲ್ಲ ಮಲಗಿದ್ದಾಗ ಅಲ್ಲಿ ದೊಡ್ಡ ಸಂತೆ ನಡೆಯುತ್ತಿರುತ್ತದೆ. ಹೂವಿನ ಮೂಟೆ, ಸೊಪ್ಪಿನ ಕಟ್ಟು, ತರಕಾರಿ ಲಾರಿ. ಫ್ಲೈಓವರ್ ಕೆಳಗೆ ತಳ್ಳುಗಾಡಿಯಲ್ಲಿ ಒಬ್ಬ ಅಮ್ಮ ಇಡ್ಲಿ ಮಾರುತ್ತಿದ್ದರು. ತಮಿಳು ಬೆರೆತ ಕನ್ನಡ. ನಾನು ಎರಡು ಇಡ್ಲಿ ತಿಂದು, ಲಾರಿಯಿಂದ ಮೂಟೆ ಇಳಿಸುವವರನ್ನೇ ನೋಡುತ್ತಾ ನಿಂತಿದ್ದೆ.

"ಕೆಲ್ಸಕ್ಕೆ ಹೋಗಲ್ವಾಪ್ಪಾ?" ಅಂದರು.

"ಚೀಲ ಇದೆಯಲ್ಲಮ್ಮಾ."

ಅವರು ಚೀಲ ನೋಡಿದರು. ನನ್ನ ಮುಖ ನೋಡಿದರು. "ಗಾಡಿ ಕೆಳಗೆ ಇಟ್ಟು ಹೋಗು. ಹತ್ತು ಗಂಟೆವರೆಗೂ ಇಲ್ಲೇ ಇರ್ತೀನಿ."

ಅಷ್ಟೇ ಮಾತು. ಚೀಲವನ್ನು ಗಾಡಿ ಕೆಳಗೆ, ಸೀಮೆಎಣ್ಣೆ ಕ್ಯಾನ್ ಪಕ್ಕ ಇಟ್ಟೆ. ಹೆಗಲು ಹಗುರಾಗಿ ನಡೆಯುವುದೇ ಬೇರೆ ಥರ ಆಯಿತು. ಇಪ್ಪತ್ತು ಹೆಜ್ಜೆ ಹೋಗಿ ಲಾರಿ ಹತ್ತಿರ ನಿಂತೆ. ಯಾರೂ ಏನೂ ಕೇಳಲಿಲ್ಲ. "ಏ, ಬಾ ಇಲ್ಲಿ, ಒಂದು ಕೈ ಹಾಕು" ಅಂದರು. ಅವತ್ತು 120 ರೂಪಾಯಿ ಸಿಕ್ಕಿತು. ಐದು ದಿನ ಚೀಲ ಹೊತ್ತು ಸುತ್ತಿದಾಗ ಒಂದು ರೂಪಾಯಿ ಹುಟ್ಟಿರಲಿಲ್ಲ. ಮನುಷ್ಯನೂ ಅದೇ, ಮೈಯೂ ಅದೇ, ಹಸಿವೂ ಅದೇ. ಚೀಲ ಇಡೋಕೆ ಜಾಗ ಸಿಕ್ಕಿತ್ತು ಅಷ್ಟೇ.

ಆ ಅಮ್ಮನ ಗಾಡಿ ಈಗ ಅಲ್ಲಿಲ್ಲ. ನಾನು ಹುಡುಕಿದ್ದೇನೆ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಕೇಳಿದ್ದೇನೆ.

ಈಗ ಬರುವವರಿಗೆ ನಾನು ಹೇಳೋದು ಇದನ್ನೇ. ಬರೀ ಕೂಲಿ ಕೊಡುವ ಕೆಲಸಕ್ಕಿಂತ ಮಲಗೋಕೆ ಜಾಗ ಕೊಡುವ ಕೆಲಸ ಮೊದಲು ನೋಡು. ಸಂಬಳ ಕಡಿಮೆ ಆದರೂ ಪರವಾಗಿಲ್ಲ. ಹೋಟೆಲ್ ಕೆಲಸ ಹಾಗಿನದು. ಉಡುಪಿ, ಕುಂದಾಪುರ ಕಡೆಯ ಎಷ್ಟೋ ಹುಡುಗರು ಈ ದಾರಿಯಲ್ಲೇ ಬೆಂಗಳೂರು, ಮುಂಬೈ ಸೇರಿದರು. ಆದರೆ ಅವರಿಗೆ ಹೋಟೆಲ್‌ನಲ್ಲಿ ಮೊದಲೇ ಊರಿನ ಒಬ್ಬ ಇರುತ್ತಿದ್ದ. ಯಾರ ಕಡೆಯವನು ಅಂದರೆ ಹೇಳೋಕೆ ಒಂದು ಹೆಸರಿತ್ತು. ಹಾಗಾಗಿ ಬರುವ ಮೊದಲು ಆ ಒಂದು ಹೆಸರನ್ನು ಹುಡುಕಿಕೊಳ್ಳಬೇಕು. ಊರ ಕಿರಾಣಿ ಅಂಗಡಿಯವರ ಅಳಿಯನೋ, ಶಾಲೆ ಮೇಷ್ಟ್ರ ತಮ್ಮನೋ. ಯಾರಾದರೂ ಆದೀತು.

ಇನ್ನೊಂದು, ಕಟ್ಟುತ್ತಿರುವ ಮನೆಯ ಕಾವಲು. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ನೋಡಿ. ಅರ್ಧ ಎದ್ದ ಮನೆಯ ಮುಂದೆ ತಗಡಿನ ಒಂದು ಶೆಡ್ಡು. ಅದರೊಳಗೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಒಂದು ಸಂಸಾರ. ಗಂಡ ಗಾರೆ ಕೆಲಸಕ್ಕೋ ಸೆಂಟ್ರಿಂಗ್‌ಗೋ ಹೋಗುತ್ತಾನೆ. ಹೆಂಡತಿ ಇಟ್ಟಿಗೆಗೆ ನೀರು ಹಾಕುತ್ತಾಳೆ, ಸಿಮೆಂಟು ಕಬ್ಬಿಣ ಕಾಯುತ್ತಾಳೆ, ಅಕ್ಕಪಕ್ಕದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ, ನೀರು ಕರೆಂಟು ಇದೆ. ಮಗು ಮರಳಿನ ಗುಡ್ಡೆ ಮೇಲೆ ಆಡಿಕೊಂಡಿರುತ್ತದೆ. ನಮ್ಮ ಜನರಿಗೆ ಈ ಊರಲ್ಲಿ ಸಿಕ್ಕಿರುವ ದೊಡ್ಡ ಆಸರೆ ಇದು ಅಂತ ನನಗನಿಸುತ್ತದೆ. ಒಂದು ವರ್ಷ, ಒಂದೂವರೆ ವರ್ಷ ನೆಮ್ಮದಿ. ಆಮೇಲೆ ಟೈಲ್ಸ್ ಬರುತ್ತದೆ, ಬಣ್ಣ ಬರುತ್ತದೆ, ಬಾಗಿಲಿಗೆ ತೋರಣ ಕಟ್ಟುತ್ತಾರೆ. ಮನೆಯವರ ಗೃಹಪ್ರವೇಶದ ದಿನ ಕಾಯ್ದವರು ಗಂಟು ಕಟ್ಟುತ್ತಾರೆ. ನನಗೆ ಗೊತ್ತಿರುವ ಒಬ್ಬ ಅಕ್ಕ ಹೀಗೆ ಏಳು ಮನೆ ಕಾಯ್ದಿದ್ದಾರೆ. ಏಳು ಗೃಹಪ್ರವೇಶದ ಊಟ ಉಂಡಿದ್ದಾರೆ. ಅವರ ಮಗ ಆರು ಶಾಲೆ ಬದಲಾಯಿಸಿದ. ಇಂಥವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60ರ ಒಳಗಿರಬೇಕು. ಇದನ್ನು ಸಿಕ್ಕ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಸೆಕ್ಯುರಿಟಿ ಗಾರ್ಡ್ ಕೆಲಸದಲ್ಲೂ ಕೆಲವು ಏಜೆನ್ಸಿಗಳು ಮಲಗೋಕೆ ಕೋಣೆ ಕೊಡುತ್ತವೆ. ಕೊನೆಗೆ ನನಗೆ ಸಿಕ್ಕಿದ್ದು ಅದೇ. ಒಂದು ಎಚ್ಚರಿಕೆ ಇದೆ. ಮಾರ್ಕ್ಸ್ ಕಾರ್ಡ್, ಆಧಾರ್ ಯಾವುದರ ಒರಿಜಿನಲ್ಲೂ ಯಾರ ಕೈಗೂ ಕೊಡಬಾರದು. ಜೆರಾಕ್ಸ್ ಕೊಡಿ. ಮೊದಲ ತಿಂಗಳ ಸಂಬಳ ಹಿಡಿದಿಟ್ಟುಕೊಳ್ಳುತ್ತಾರಾ, ಯೂನಿಫಾರ್ಮ್‌ಗೆ ಎಷ್ಟು ಮುರಿದುಕೊಳ್ಳುತ್ತಾರೆ ಅಂತ ಸೇರುವ ಮೊದಲೇ ಬಾಯಿ ಬಿಟ್ಟು ಕೇಳಿ. ನಾನು ಕೇಳಲಿಲ್ಲ. ನನ್ನ ಮೊದಲ ಸಂಬಳ ಕೈಗೆ ಬರೋ ಹೊತ್ತಿಗೆ ಎರಡೂವರೆ ತಿಂಗಳಾಗಿತ್ತು.

ಈ ಹನ್ನೆರಡು ಹದಿಮೂರು ವರ್ಷದಲ್ಲಿ ಕೆಲವು ವಿಷಯ ಸುಧಾರಿಸಿವೆ. ಅದನ್ನೂ ಹೇಳಬೇಕು. 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾಯಿತು. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ನನ್ನ ಡೈರಿಯ ಆ 85 ರೂಪಾಯಿ 25ಕ್ಕೆ ಇಳಿದ ಹಾಗೆ. ಅದನ್ನು ಕಡಿಮೆ ಅಂದುಕೊಳ್ಳುವವರು ಹಸಿದಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ಊರಿನ ರೇಷನ್ ಕಾರ್ಡ್ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುತ್ತದೆ. ಅಂದರೆ ಅನ್ನಕ್ಕೆ ದಾರಿ ಇದೆ, ಓಡಾಟಕ್ಕೂ ಅರ್ಧ ಜನಕ್ಕೆ ದಾರಿ ಇದೆ. ಮಲಗುವ ಜಾಗದ ಮಾತು ಮಾತ್ರ ಅಲ್ಲೇ ನಿಂತಿದೆ.

ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಕ್ಕೆ ಒಂದರಂತೆ ಮನೆಯಿಲ್ಲದವರಿಗೆ ಆಶ್ರಯ ತಾಣ ಇರಬೇಕು, ವರ್ಷಪೂರ್ತಿ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ದಾಟಿತ್ತು. ಆ ಲೆಕ್ಕಕ್ಕೆ 84 ತಾಣ ಬೇಕು. ಈಗಿನ ಜನಕ್ಕೆ ಇನ್ನೂ ಜಾಸ್ತಿ. ಅಷ್ಟು ತಾಣಗಳು ಈ ಊರಿನಲ್ಲಿ ಎಂದೂ ಇರಲಿಲ್ಲ. ಇರುವ ಕೆಲವು ಎಲ್ಲಿವೆ ಅಂತ ಸ್ಟೇಷನ್‌ನಲ್ಲಿ ಇಳಿದವನಿಗೆ ಹೇಳುವ ಒಂದು ದೊಡ್ಡ ಫಲಕ ಇದ್ದರೂ ಎಷ್ಟೋ ಆಗುತ್ತಿತ್ತು. ಅದೇ ಜನಗಣತಿಯಲ್ಲಿ ದೇಶದ ಮನೆಯಿಲ್ಲದವರನ್ನೂ ಎಣಿಸಿದ್ದರು. ಫೆಬ್ರುವರಿ 28ರ ರಾತ್ರಿ ಒಂದೇ ರಾತ್ರಿಯಲ್ಲಿ ಎಣಿಸಿ ಮುಗಿಸಿದರು. ಸುಮಾರು 17.7 ಲಕ್ಷ ಜನ. ನಾನು ಯೋಚಿಸುತ್ತೇನೆ, ಆ ರಾತ್ರಿ ಲಾಠಿ ಸದ್ದಿಗೆ ಎದ್ದು ನಡೆಯುತ್ತಿದ್ದವರನ್ನು ಯಾರು ಎಣಿಸಿದರೋ.

ಹೆಣ್ಣುಮಕ್ಕಳಿಗೆ ನನ್ನ ಮಾತಿನಲ್ಲಿ ಅರ್ಧ ಹೊಂದುವುದಿಲ್ಲ. ಸ್ಟೇಷನ್ ಕಟ್ಟೆ ಮೇಲೆ ಹನ್ನೊಂದು ರಾತ್ರಿ ಅನ್ನುವುದನ್ನು ನಾನು ಗಂಡಸಾಗಿದ್ದಕ್ಕೆ ಬರೆಯುತ್ತಿದ್ದೇನೆ. ಅಂಥ ಸ್ಥಿತಿಯಲ್ಲಿರುವ ತಂಗಿಯರು 181ಕ್ಕೆ ಫೋನ್ ಮಾಡಬೇಕು. ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗಾಗಿ ಸರ್ಕಾರ ನಡೆಸುವ ಸಖಿ ಕೇಂದ್ರಗಳಲ್ಲಿ ಕೆಲವು ದಿನ ತಂಗೋಕೆ ಅವಕಾಶ ಇದೆ. ಒಬ್ಬರೇ ಬಂದಿಳಿದ ಮೇಲೆ ನೋಡಿಕೊಂಡರಾಯಿತು ಅಂತ ದಯವಿಟ್ಟು ಹೊರಡಬೇಡಿ.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಬರಬೇಡ ಅನ್ನಲಿಲ್ಲ. ಬರಬೇಡ ಅನ್ನುವ ಹಕ್ಕು ನನಗೆ ಇಲ್ಲ. ಚೀಲ ಚಿಕ್ಕದಿರಲಿ, ಬೀಗ ಹಾಕುವಂಥದ್ದಿರಲಿ. ಕಾಗದ ಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿ ಒಳಗಿಟ್ಟುಕೋ. ಒಂದು ತಿಂಗಳು ನಮ್ಮ ಹಾಲ್‌ನಲ್ಲಿ ಮಲಗು. ಮನೆಯವಳನ್ನೂ ಕೇಳಿ ಒಪ್ಪಿಸಿದ್ದೇನೆ. ನಮ್ಮದೂ ಬಾಡಿಗೆ ಮನೆಯೇ, ಎರಡು ಮಕ್ಕಳಿದ್ದಾರೆ, ಜಾಗ ಕಡಿಮೆ. ಆದರೂ ಒಂದು ಚೀಲ ಹಿಡಿಯುತ್ತದೆ.

"ಯಾಕಣ್ಣಾ, ನೀವು ನನ್ನ ನೋಡೇ ಇಲ್ಲಲ್ಲ" ಅಂದ.

ಅದಕ್ಕೆ ಫೋನಿನಲ್ಲಿ ಉತ್ತರ ಹೇಳೋಕೆ ಬರಲಿಲ್ಲ. ಇಲ್ಲಿ ಬರೆಯುತ್ತೇನೆ.

2012ರ ಆಗಸ್ಟ್ 15. ನನ್ನ ಹನ್ನೊಂದನೇ ರಾತ್ರಿ. ಸಂಜೆ ಸ್ಟೇಷನ್ ಕಡೆ ಬಂದರೆ ಕಾಲಿಡೋಕೆ ಜಾಗ ಇಲ್ಲ. ಎಲ್ಲಿ ನೋಡಿದರೂ ಅಸ್ಸಾಂ, ಮಣಿಪುರ ಕಡೆಯ ಹುಡುಗ ಹುಡುಗಿಯರು. ಸಾವಿರಾರು ಜನ. ಆ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆ ಆಗಿತ್ತು. ಅದಕ್ಕೆ ಪ್ರತೀಕಾರವಾಗಿ ಇಲ್ಲಿ ಹಲ್ಲೆ ನಡೆಯುತ್ತದೆ ಅಂತ ಮೊಬೈಲ್‌ಗಳಲ್ಲಿ ಗಾಳಿಸುದ್ದಿ ಓಡಾಡಿತ್ತು. ಹೆದರಿದವರೆಲ್ಲ ಗುವಾಹಟಿ ರೈಲಿಗೆ ಬಂದಿದ್ದರು. ರೈಲ್ವೆಯವರು ವಿಶೇಷ ರೈಲು ಬಿಟ್ಟರು. ಮಂತ್ರಿಗಳು, ಪೊಲೀಸ್ ಅಧಿಕಾರಿಗಳು ಬಂದು ಹೋಗಬೇಡಿ ಅಂತ ಕೇಳಿಕೊಂಡರು. ರಾಶಿ ರಾಶಿ ಎಸ್ಸೆಮ್ಮೆಸ್ ಕಳಿಸುವುದನ್ನು ಕೇಂದ್ರ ಸರ್ಕಾರ 15 ದಿನ ತಡೆಯಿತು. ಮೂರು ನಾಲ್ಕು ದಿನ ಜನ ಹೋಗುತ್ತಲೇ ಇದ್ದರು. ಯಾರೂ ಕೂಗಾಡುತ್ತಿರಲಿಲ್ಲ. ಅಷ್ಟು ದೊಡ್ಡ ಗುಂಪು ಅಷ್ಟು ಸುಮ್ಮನಿದ್ದದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಚೀಲ. ನಾನು ಚೀಲ ಹೊತ್ತು ಈ ಊರಿಗೆ ಬಂದವನು, ಅವರು ಚೀಲ ಹೊತ್ತು ಇಲ್ಲಿಂದ ಓಡುತ್ತಿದ್ದವರು. ಒಂದೇ ಪ್ಲಾಟ್‌ಫಾರ್ಮು.

ಮರುದಿನ ಬೆಳಿಗ್ಗೆ ಟೀ ಅಂಗಡಿ ಹತ್ತಿರ ಒಬ್ಬರು ಬಂದು, "ಸೆಕ್ಯುರಿಟಿ ಕೆಲಸಕ್ಕೆ ಬರ್ತೀಯಾ, ಇವತ್ತೇ ಬೇಕು" ಅಂದರು. ಯಾರ ಕಡೆಯವನು ಅಂತ ಕೇಳಲಿಲ್ಲ. ರಾತ್ರೋರಾತ್ರಿ ಅವರ ಎಷ್ಟೋ ಗಾರ್ಡ್‌ಗಳು ಹೊರಟು ಹೋಗಿದ್ದರು. ಈಜಿಪುರದ ಒಂದು ಮಹಡಿ ಮೇಲಿನ ಶೀಟಿನ ಕೋಣೆಗೆ ಕರೆದುಕೊಂಡು ಹೋದರು. ಹತ್ತು ಜನ ಮಲಗುವ ಕೋಣೆ. ನಾಲ್ಕು ಜನ ಉಳಿದಿದ್ದರು. ಮೂಲೆಯ ಒಂದು ಚಾಪೆ ತೋರಿಸಿ, ಇದು ನಿನ್ನದು ಅಂದರು.

ಚಾಪೆಯ ತಲೆ ಕಡೆ ಒಂದು ನೀಲಿ ಸೂಟ್‌ಕೇಸ್ ಇತ್ತು. ಮೊದಲು ಆ ಚಾಪೆ ಮೇಲೆ ಮಲಗುತ್ತಿದ್ದ ಗಾರ್ಡ್ ಅದನ್ನು ಹೊತ್ತು ಓಡೋಕೆ ಆಗಲ್ಲ ಅಂತ ಬಿಟ್ಟು ಹೋಗಿದ್ದ. ಗೋಡೆ ಮೇಲೆ ಮೊಳೆಗೆ ಅವನ ಒಂದು ಅಂಗಿ. ಹನ್ನೆರಡನೇ ದಿನ ನನ್ನ ಚೀಲವನ್ನು ನೆಲಕ್ಕಿಟ್ಟೆ, ಅವನ ಸೂಟ್‌ಕೇಸ್ ಪಕ್ಕದಲ್ಲಿ. ಕೌದಿ ಹಾಸಿ ಮಲಗಿದೆ. ಪಟ್ಟಿ ಕೈಗೆ ಸುತ್ತಿಕೊಳ್ಳದೆ ಮಲಗಿದ ಮೊದಲ ರಾತ್ರಿ. ನಿದ್ದೆ ಬಂತು. ಆದರೆ ಆ ಹೊತ್ತಿಗೆ ಅವನು ಯಾವ ಬೋಗಿಯಲ್ಲಿ ನಿಂತಿದ್ದನೋ. ಮೂರು ಸಾವಿರ ಕಿಲೋಮೀಟರ್ ಹತ್ತಿರದ ದಾರಿ ಅದು. ಆ ಯೋಚನೆ ಬರುವ ಮೊದಲೇ ನನಗೆ ನಿದ್ದೆ ಹತ್ತಿಬಿಟ್ಟಿತು ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಸೂಟ್‌ಕೇಸನ್ನು ನಾನು ಮುಟ್ಟಲಿಲ್ಲ, ಧೂಳು ಒರೆಸುವುದು ಬಿಟ್ಟರೆ. ಅಕ್ಟೋಬರ್ ಮೊದಲ ವಾರ ಅವನು ವಾಪಸ್ ಬಂದ. ಊರಲ್ಲಿ ಕೆಲಸ ಇರಲಿಲ್ಲ, ಮನೆಗೆ ದುಡ್ಡು ಕಳಿಸಬೇಕಿತ್ತು. ಬಾಗಿಲಲ್ಲಿ ನಿಂತು ಮೊದಲು ಚಾಪೆ ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಎದ್ದು ಕೌದಿ ಮಡಿಚೋಕೆ ಶುರು ಮಾಡಿದೆ. ಎಲ್ಲಿಗೆ ಹೋಗುವುದು ಅಂತ ಗೊತ್ತಿರಲಿಲ್ಲ. ಜಾಗ ಅವನದು, ಅಷ್ಟು ಮಾತ್ರ ಗೊತ್ತಿತ್ತು. ಅವನು ಬೇಡ ಅಂತ ಕೈಯಲ್ಲೇ ತಡೆದ. ಬಗ್ಗಿ ತನ್ನ ಸೂಟ್‌ಕೇಸನ್ನು ಗೋಡೆಗೆ ಒತ್ತಿ ಸರಿಸಿದ. ನನ್ನ ಚೀಲಕ್ಕೆ ಜಾಗ ದೊಡ್ಡದಾಯಿತು.

ಅವನಿಗೆ ರಾತ್ರಿ ಪಾಳಿ ಸಿಕ್ಕಿತು, ನನಗೆ ಹಗಲು. ಬೆಳಿಗ್ಗೆ ಎಂಟಕ್ಕೆ ಅವನು ಬರುವ ಹೊತ್ತಿಗೆ ನಾನು ಹೊರಟಿರುತ್ತಿದ್ದೆ. ಒಂದೂವರೆ ವರ್ಷ ಆ ಒಂದೇ ಚಾಪೆಯಲ್ಲಿ ಇಬ್ಬರೂ ಇದ್ದೆವು. ಅವನಿಗೆ ಚಳಿ ಜಾಸ್ತಿ ಆಗುತ್ತಿತ್ತು. ಹಾಗಾಗಿ ಹೋಗುವಾಗ ಕೌದಿಯನ್ನು ಮಡಿಚದೆ, ಬೆಚ್ಚಗಿದ್ದ ಹಾಗೇ ಬಿಟ್ಟು ಹೋಗುತ್ತಿದ್ದೆ.